ಮಳವಳ್ಳಿ ಕಡೆ ಒಂದೆಕರೆ ರೇಷ್ಮೆ ತೋಟ, 2010: ಪರಂಗಿ ಗಿಡದ ಹಿಟ್ಟು ತಿಗಣೆ ಬಂದ ಕಥೆ

ಬೆಳಿಗ್ಗೆ ಆರೂವರೆಗೆಲ್ಲ ದೊಡ್ಡಪ್ಪನ ಫೋನು. ನಾನಾಗ ಮೈಸೂರಲ್ಲಿ ಬಿಎಸ್ಸಿ ಓದ್ತಿದ್ದೆ, ಜುವಾಲಜಿ ತಗೊಂಡಿದಾನೆ ಅನ್ನೋ ಒಂದೇ ಕಾರಣಕ್ಕೆ ಊರೋರಿಗೆಲ್ಲ ನಾನೊಬ್ಬ ಹುಳದ ಡಾಕ್ಟ್ರು. "ಲೋ ಮಗ, ಸೊಪ್ಪಿನ ಮ್ಯಾಲೆಲ್ಲ ಯಾರೋ ಸುಣ್ಣ ಎರಚ್ದಂಗೆ ಆಗೋಗದೆ ಕಣ್ಲಾ, ಹುಳ ಬೇರೆ ಮೂರ್ನೇ ಜ್ವರ ಎದ್ದವೆ, ಇವತ್ತೇ ಬಾ" ಅಂದ್ರು. 2010ರ ಬೇಸಿಗೆ ಅದು. ಕ್ಲಾಸಿಗೆ ಚಕ್ಕರ್ ಹಾಕಿ ಮಳವಳ್ಳಿ ಬಸ್ ಹತ್ತಿದೆ. ಅವತ್ತು ಶುರುವಾಗಿದ್ದು ಮುಗಿಯೋಕೆ ಹತ್ರ ಹತ್ರ ಒಂದು ವರ್ಷ ಆಯ್ತು, ಅದನ್ನ ನಮ್ಮ ತಪ್ಪುಗಳ ಸಮೇತ ಇಲ್ಲಿ ಬರೀತಿದೀನಿ. ಎಲ್ಲಿಂದಲೋ ಬಂದ ಒಂದು ಜೀವಿ ಊರೊಳಗೆ ಹೆಂಗೆ ಕಾಲೂರುತ್ತೆ ಅನ್ನೋದನ್ನ ನಾನು ಅಷ್ಟು ಹತ್ರದಿಂದ ಬೇರೆಲ್ಲೂ ನೋಡಿಲ್ಲ.

ಮೊದಲು ತೋಟದ ವಿಷ್ಯ. ಒಂದೆಕರೆ ವಿ-1 ಹಿಪ್ಪುನೇರಳೆ ಕಡ್ಡಿ, ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರೇ ಕೊಟ್ಟ ತಳಿ ಅದು. ಬೋರ್‌ವೆಲ್ ನೀರು, ಬದುವಿನ ಮೇಲೆ ಒಂದಷ್ಟು ತೆಂಗು, ಹುಳುಮನೆ ಪಕ್ಕ ಕೊಟ್ಟಿಗೆ, ಕೊಟ್ಟಿಗೆ ಹಿಂದೆ ಎರಡು ಪರಂಗಿ ಗಿಡ, ಬಾಗಿಲ ಮುಂದೆ ದೊಡ್ಡವ್ವನ ದಾಸವಾಳ. ಒಂದು ಬೆಳೆಗೆ ನೂರೈವತ್ತು ಮೊಟ್ಟೆ (ಇಲ್ಲಿ ಒಂದು ಮೊಟ್ಟೆ ಅಂದ್ರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು) ಮೇಯಿಸೋರು, ಗೂಡು ರಾಮನಗರ ಮಾರ್ಕೆಟ್ಟಿಗೆ ಹೋಗೋದು. ರೇಷ್ಮೆ ಗೊತ್ತಿಲ್ದೋರಿಗೆ ಹೇಳ್ತೀನಿ, ಹುಳ ಮೊಟ್ಟೆಯಿಂದ ಎದ್ದು ಹಣ್ಣಾಗೋಕೆ, ಅಂದ್ರೆ ಗೂಡು ಕಟ್ಟೋ ಹಂತಕ್ಕೆ ಬರೋಕೆ, 25ರಿಂದ 28 ದಿನ, ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೇ ನಮ್ಮ ಕಡೆ ಜ್ವರ ಅನ್ನೋದು. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುತ್ತೆ ನೋಡಿ ಅದರ ಊಟ, ಇಡೀ ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ ಎಂಬತ್ತರಷ್ಟನ್ನ ಆ ಕೊನೇ ವಾರದಲ್ಲೇ ಮುಗಿಸುತ್ತೆ. ನಮ್ಮ ತೋಟಕ್ಕೆ ಏಟು ಬಿದ್ದಿದ್ದು ಸರಿಯಾಗಿ ಆ ವಾರದ ಹಿಂದಿನ ದಿನಗಳಲ್ಲಿ.

ಹೋಗಿ ನೋಡಿದ್ರೆ ದೊಡ್ಡಪ್ಪ ಹೇಳಿದ್ದು ಸರಿ, ಸುಣ್ಣವೇ. ಎಲೆ ಅಡಿಗೆ, ನರದ ಗುಂಟ, ಕಡ್ಡಿ ಗಿಣ್ಣಲ್ಲಿ, ಬುಡದ ಕೊರಡಿನ ಬಿರುಕಲ್ಲೂ ಬಿಳಿ ಹತ್ತಿ ತುರುಕಿದಂಗೆ. ಕೈಯಿಟ್ರೆ ಅಂಟಂಟು. ಕೆಳಗಿನ ಎಲೆಗಳ ಮೇಲೆ ಸಿಹಿ ಅಂಟು ಸುರಿದು ಅದರ ಮೇಲೆ ಕಪ್ಪು ಮಸಿ ಬೆಳೆದಿತ್ತು, ಲಾಂದ್ರದ ಗಾಜಿಗೆ ಹಿಡಿಯುತ್ತಲ್ಲ ಹಂಗೆ. ಗಿಡಗಿಡಕ್ಕೂ ಇರುವೆ ಸಾಲು. ಒಂದು ಹುಳನ ಉಗುರಲ್ಲಿ ಹೊಸಕಿದೆ, ಹಿಟ್ಟು ಹೋಗಿ ಒಳಗಿಂದ ಹಳದಿ ರಸ ಬಂತು.

ದೊಡ್ಡಪ್ಪ ಇದು ಟುಕ್ರಾ ಅಂತಲೇ ಅಂದ್ಕೊಂಡಿದ್ರು. ಟುಕ್ರಾ ನಮಗೆ ಹಳೇದು, ಅದೂ ಒಂದು ಹಿಟ್ಟು ತಿಗಣೆಯಿಂದಲೇ ಬರೋದು, ಆದ್ರೆ ಆ ತಿಗಣೆ ಮೈ ಗುಲಾಬಿ ಬಣ್ಣ, ಅದು ಕುಡಿಗೆ ಹತ್ತಿದ್ರೆ ಎಲೆ ಮುದುರಿ ದಪ್ಪ ಆಗುತ್ತೆ, ಕುಡಿ ಚಿವುಟಿ ಸುಟ್ಟುಬಿಟ್ರೆ ಬಹುಪಾಲು ಹತೋಟಿಗೆ ಬರುತ್ತೆ. ಇದು ಕುಡಿ, ಎಲೆ, ಕಾಂಡ ಅಂತ ಏನೂ ನೋಡಿರಲಿಲ್ಲ, ಮೈ ಬೇರೆ ಹಳದಿ. ಒಂದಷ್ಟನ್ನ ಹಳೇ ಇಂಜೆಕ್ಷನ್ ಸೀಸೆಲಿ ಹಾಕ್ಕೊಂಡು ಕಾಲೇಜಿಗೆ ತಂದೆ. ನಮ್ಮ ಲೆಕ್ಚರರು ಅದನ್ನ ಆಲ್ಕೋಹಾಲಲ್ಲಿ ಇಟ್ಟು ನಾಳೆ ಬಂದು ನೋಡು ಅಂದ್ರು. ಮಾರನೇ ದಿನ ನೋಡಿದ್ರೆ ಹಳದಿ ಹುಳ ಎಲ್ಲಾ ನೀಲಿಗಪ್ಪು, ನೇರಳೆ ಹಣ್ಣಿನ ಸಿಪ್ಪೆ ಬಣ್ಣ. ಆಲ್ಕೋಹಾಲಲ್ಲಿ ಹಿಂಗೆ ನೀಲಿಗಪ್ಪಾಗೋದು ಪರಂಗಿ ಹಿಟ್ಟು ತಿಗಣೆಯ ಗುರುತು, ವಿಜ್ಞಾನದಲ್ಲಿ ಅದಕ್ಕೆ ಪ್ಯಾರಾಕಾಕಸ್ ಮಾರ್ಜಿನೇಟಸ್ ಅಂತ ಹೆಸರು. ತಮಿಳುನಾಡು ಕಡೆ ಆಗಲೇ ರೇಷ್ಮೆ ತೋಟ, ಮರಗೆಣಸು ಎಲ್ಲಾ ಹಾಳು ಮಾಡಿದೆ, ಇಲ್ಲಿಗೂ ಬಂತಾ ಅಂತ ಅವರು ಕನ್ನಡಕ ತೆಗೆದು ಕಣ್ಣು ಒರೆಸ್ಕೊಂಡಿದ್ದು ನೆನಪಿದೆ.

ಈ ಹುಳದ ಊರು ಮೆಕ್ಸಿಕೋ, ಅದರ ಸುತ್ತಮುತ್ತಲಿನ ಮಧ್ಯ ಅಮೆರಿಕ. ತಮಾಷೆ ಅಂದ್ರೆ ಅಲ್ಲಿ ಇದನ್ನ ಯಾರೂ ಕ್ಯಾರೇ ಅನ್ನಲ್ಲ. 1955ರಲ್ಲೇ ಮೆಕ್ಸಿಕೋದಲ್ಲಿ ಇದರ ಮಾದರಿ ಹಿಡಿದಿಟ್ಟಿದ್ರೂ ಸರಿಯಾಗಿ ವಿವರಿಸಿ ಹೆಸರಿಟ್ಟಿದ್ದು 1992ರಲ್ಲಿ, ಅಷ್ಟು ಸಣ್ಣ ವಿಷ್ಯ ಆಗಿತ್ತು ಅದು. 90ರ ದಶಕದಲ್ಲಿ ಕೆರಿಬಿಯನ್ ದ್ವೀಪಗಳಿಗೆ ದಾಟಿತು, 1998ರಲ್ಲಿ ಫ್ಲೋರಿಡಾದಲ್ಲಿ ದಾಸವಾಳದ ಮೇಲೆ ಸಿಕ್ತು, ಆಮೇಲೆ ಗುವಾಮ್, ಪಲಾವ್, ಹವಾಯಿ ಅಂತ ಪೆಸಿಫಿಕ್ ಸಾಗರದ ದ್ವೀಪಗಳು. 2008ರಲ್ಲಿ ಇಂಡೋನೇಷ್ಯಾ, ಅದೇ ವರ್ಷ ಜುಲೈನಲ್ಲಿ ನಮ್ಮ ಕೊಯಮತ್ತೂರು. ಹುಳಕ್ಕೆ ರೆಕ್ಕೆ ಬರೋದು ಗಂಡಿಗೆ ಮಾತ್ರ, ಹೆಣ್ಣು ಹಾರಲ್ಲ, ಹೆಚ್ಚಂದ್ರೆ ತೆವಳುತ್ತೆ. ಅಂಥದ್ದು ಸಮುದ್ರ ದಾಟಿದೆ ಅಂದ್ರೆ ಹಣ್ಣಿನ ಬುಟ್ಟೀಲಿ, ನರ್ಸರಿ ಗಿಡದಲ್ಲಿ, ಬ್ಯಾಗಲ್ಲಿಟ್ಟ ಕಡ್ಡೀಲಿ ಕೂತ್ಕೊಂಡು ದಾಟಿರಬೇಕು. ಒಂದು ಹೆಣ್ಣು ಹತ್ತಿಯಂಥ ಚೀಲ ಮಾಡಿ ನೂರರಿಂದ ಆರುನೂರರ ತನಕ ಮೊಟ್ಟೆ ಇಡುತ್ತೆ, ಅದರಿಂದ ಎದ್ದ ಮರಿಗಳು ಧೂಳಿನ ಕಣದಷ್ಟಿರ್ತವೆ, ಅವು ಗಾಳೀಲಿ ತೇಲ್ತವೆ, ಇರುವೆ ಜೊತೆ ಹೋಗ್ತವೆ, ಸೊಪ್ಪು ಕುಯ್ಯೋರ ಸೀರೆ ಸೆರಗಿಗೂ ಅಂಟ್ಕೊಂಡು ಹೋಗ್ತವೆ.

ಇನ್ನು ನಮ್ಮ ತೋಟಕ್ಕೆ ಬಂದಿದ್ದು ಹೆಂಗೆ. ಮೊದಲ ಸಲ ತೋಟ ನೋಡಿದ ದಿನ ಸಂಜೆನೇ ಒಂದು ಹಾಳೇಲಿ ನಕ್ಷೆ ಬರ್ಕೊಂಡು ಯಾವ ಗಿಡ ಎಷ್ಟು ಬಿಳಿ ಅಂತ ಗುರುತು ಹಾಕ್ತಾ ಹೋದೆ. ತೋಟದ ದೂರದ ಮೂಲೇಲಿ ಕಮ್ಮಿ, ಹುಳುಮನೆ ಕಡೆಗೆ ಬಂದಂಗೆಲ್ಲ ಜಾಸ್ತಿ, ಕೊಟ್ಟಿಗೆ ಹಿಂದಿನ ಪರಂಗಿ ಗಿಡದಲ್ಲಂತೂ ಕಾಯಿನೇ ಕಾಣ್ತಿರಲಿಲ್ಲ. ಆದ್ರೆ ಎಲ್ಲಕ್ಕಿಂತ ಹಳೇ ಗುರುತು, ಒಣಗಿದ ಹತ್ತಿ, ಸತ್ತ ಕುಡಿ ಎಲ್ಲಾ ಇದ್ದಿದ್ದು ಬಾಗಿಲ ಮುಂದಿನ ದಾಸವಾಳದಲ್ಲಿ, ಅದರಲ್ಲೂ ಎರಡೆರಡು ಸುತ್ತು ದಳ ಇರೋ ಹೊಸ ಕೆಂಪು ದಾಸವಾಳದಲ್ಲಿ. ಆ ಗಿಡ ತಂದವನು ನಾನೇ. ಜನವರೀಲಿ ತಮಿಳುನಾಡಿನ ಸತ್ಯಮಂಗಲದ ಹತ್ರ ಫ್ರೆಂಡ್ ಅಕ್ಕನ ಮದುವೆಗೆ ಹೋಗಿದ್ದಾಗ ಅವರ ಮನೆ ಮುಂದೆ ಆ ಹೂ ನೋಡಿ ದೊಡ್ಡವ್ವಂಗೆ ಇಷ್ಟ ಆಗುತ್ತೆ ಅಂತ ನಾಕು ಕಡ್ಡಿ ಮುರ್ಕೊಂಡು ಒದ್ದೆ ಪೇಪರ್ ಸುತ್ತಿ ಕವರಲ್ಲಿ ಹಾಕಿ ದಿಂಬಂ ಘಾಟಿ ಹತ್ತಿಸಿ ಚಾಮರಾಜನಗರದ ಮೇಲೆ ಊರಿಗೆ ತಂದಿದ್ದೆ. ಅದರಲ್ಲೇ ಬಂತು ಅಂತ ಕೋರ್ಟಲ್ಲಿ ಸಾಬೀತು ಮಾಡೋಕಾಗಲ್ಲ, ಗಡಿ ಆಚೆಯಿಂದ ಪರಂಗಿ ಹಣ್ಣಿನ ಲೋಡು, ಕಡ್ಡಿ ಹೊರೆ ಎಲ್ಲಾ ಬತ್ತಾನೇ ಇದ್ವು. ಆದ್ರೂ ಆ ನಕ್ಷೆ ಮುಂದೆ ಕೂತಾಗ ನಂಗೆ ಊಟ ಸೇರಲಿಲ್ಲ. ದೊಡ್ಡಪ್ಪಂಗೆ ಹೇಳಿದ್ದು ಎರಡು ವರ್ಷ ಬಿಟ್ಟು.

ಆಮೇಲೆ ನಾವು ಮಾಡಿದ್ದು ಎಲ್ರೂ ಮಾಡೋದನ್ನೇ, ಸ್ಪ್ರೇ. ಮೊದಲು ಸೋಪು ನೀರು, ಜೋರಾಗಿ ಪೈಪ್ ಹಿಡಿದು ತೊಳೆದ್ವಿ, ಒಂದು ವಾರ ಪರವಾಗಿಲ್ಲ ಅನ್ನಿಸ್ತು. ಆಮೇಲೆ ಬೇವಿನೆಣ್ಣೆ. ಆಮೇಲೆ ಡಿಡಿವಿಪಿ ಅನ್ನೋ ಕೀಟನಾಶಕ. ಹಿಟ್ಟು ಇದೆಯಲ್ಲ, ಅದು ಮೇಣ, ನೀರು ಅದರ ಮೇಲೆ ನಿಲ್ಲಲ್ಲ, ಕೆಸವಿನೆಲೆ ಮೇಲಿಂದ ಜಾರ್ದಂಗೆ ಜಾರುತ್ತೆ, ಮೊಟ್ಟೆ ಚೀಲದೊಳಕ್ಕಂತೂ ಏನೂ ಹೋಗಲ್ಲ. ಹತ್ತು ದಿನಕ್ಕೆ ಮತ್ತೆ ಬಿಳಿ. ರೇಷ್ಮೆ ಮಾಡೋರ ಕಷ್ಟ ಇನ್ನೊಂದಿದೆ, ನಾವು ಬೆಳೆಯೋ ಸೊಪ್ಪು ತಿನ್ನೋದೂ ಒಂದು ಹುಳನೇ. ತಿಗಣೆಗೆ ಹೊಡೆದ ಔಷಧಿ ಸೊಪ್ಪಲ್ಲಿ ಉಳೀತು ಅಂದ್ರೆ ಅದು ಹೋಗೋದು ನಮ್ಮ ಹುಳದ ಹೊಟ್ಟೆಗೆ. ಹೊಡೆದ ಮೇಲೆ ಇಷ್ಟು ದಿನ ಬಿಡಬೇಕು ಅಂತ ಲೆಕ್ಕ ಇರುತ್ತೆ, ಆದ್ರೆ ಹುಳ ನಾಲ್ಕನೇ ಜ್ವರ ಎದ್ದು ಬಾಯಿ ಬಿಡ್ತಾ ಕೂತಿದ್ರೆ ಯಾವ ಲೆಕ್ಕ? ಜೂನ್ ಬೆಳೆಗೆ ಅಂಗಡಿಯವನೊಬ್ಬ ಇದು ಹೊಸದು, ಬೇಗ ಇಳಿಯುತ್ತೆ ಅಂತ ಒಂದು ಡಬ್ಬಿ ಕೊಟ್ಟ, ಅದನ್ನ ಹೊಡೆದು ಒಂಬತ್ತನೇ ದಿನಕ್ಕೆ ಸೊಪ್ಪು ಕುಯ್ದು ಹಾಕಿದ್ವಿ. ರಾತ್ರಿ ಹನ್ನೊಂದಕ್ಕೆ ದೊಡ್ಡವ್ವ ಕೂಗಿದ್ರು. ಹೋಗಿ ನೋಡಿದ್ರೆ ಹುಳಗಳು ತಲೆ ಎತ್ತಿ ಅತ್ಲಾಗಿತ್ಲಾಗೆ ಆಡಿಸ್ತಾ ಹಸಿರು ನೀರು ಕಕ್ತಿದ್ವು, ಮೈ ಗಿಡ್ಡ ಆಗ್ತಿತ್ತು. ಬೆಳಗಾಗೋ ಹೊತ್ತಿಗೆ ನೂರೈವತ್ತು ಮೊಟ್ಟೆ ಹುಳ ಪೂರ್ತಿ. ತಿಪ್ಪೆ ಪಕ್ಕ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದ್ವಿ. ದೊಡ್ಡಪ್ಪ ಮಾತಾಡಲಿಲ್ಲ, ಬೀಡಿ ಹಚ್ಕೊಂಡು ಬದುವಿನ ಮೇಲೆ ಕೂತ್ರು, ಅವರು ಬೀಡಿ ಬಿಟ್ಟು ಐದು ವರ್ಷ ಆಗಿತ್ತು.

ನಮ್ಮ ಸ್ಪ್ರೇ ಇನ್ನೂ ಒಂದು ಕೆಲಸ ಮಾಡಿತ್ತು, ಅದು ನಂಗೆ ಗೊತ್ತಾಗಿದ್ದು ತಡವಾಗಿ. ಹಿಟ್ಟು ತಿಗಣೆ ತಿನ್ನೋ ಜೀವಿಗಳು ನಮ್ಮಲ್ಲಿ ಇರಲಿಲ್ಲ ಅಂತಲ್ಲ. ಒಂದು ಗುಲಗಂಜಿ ಹುಳ ಇದೆ, ಕ್ರಿಪ್ಟೋಲೀಮಸ್ ಅಂತ, ಅದೂ ಹೊರಗಿಂದೇ, 1898ರಲ್ಲಿ ಕಾಫಿ ತೋಟದ ಕೀಟಕ್ಕೆ ಅಂತ ಆಸ್ಟ್ರೇಲಿಯಾದಿಂದ ತರಿಸಿದ್ದು. ಅದರ ಮರಿ ನೋಡೋಕೆ ಥೇಟ್ ಹಿಟ್ಟು ತಿಗಣೆನೇ, ಮೈಯೆಲ್ಲ ಬಿಳಿ ಮೇಣದ ಜಡೆ, ಗಾತ್ರ ಮಾತ್ರ ದೊಡ್ಡದು, ಓಡಾಟ ಚುರುಕು. ದೊಡ್ಡವ್ವ ಇವು ದೊಡ್ಡ ತಿಗಣೆ ಅಂತ ಒಂದೊಂದನ್ನೇ ಹುಡುಕಿ ಕಲ್ಲಲ್ಲಿ ಜಜ್ಜಿದ್ರು ಪಾಪ, ನಾನೂ ಪಕ್ಕದಲ್ಲಿ ನಿಂತು ಇಲ್ಲೊಂದಿದೆ ನೋಡಿ ಅಂತ ತೋರಿಸಿದ್ದೆ. ಇನ್ನೊಂದು ನಮ್ಮ ನಾಡಿನದೇ ಚಿಟ್ಟೆ, ಸ್ಪಾಲ್ಗಿಸ್, ಅದರ ಮರಿ ಸೊಪ್ಪು ಮುಟ್ಟಲ್ಲ, ಹಿಟ್ಟು ತಿಗಣೆನೇ ಅದರ ಊಟ. ಅದರ ಕೋಶ ಕಡ್ಲೆಕಾಳಿಗಿಂತ ಸಣ್ಣದು, ತಿರುಗಿಸಿ ಹಿಡಿದ್ರೆ ಕೋತಿ ಮುಖ, ಎರಡು ಕಣ್ಣು, ಮೂತಿ, ಎಲ್ಲಾ ಇದೆ. ಪರಂಗಿ ಎಲೆ ಅಡೀಲಿ ಅಂಥ ಮೂರು ಕೋತಿಗಳು ಸಿಕ್ಕಿದ್ವು, ಮೂರೂ ಒಣಗಿದ್ವು, ನಮ್ಮ ಔಷಧಿಗೆ. ಹಂಗಂತ ಅವು ಬದುಕಿದ್ರೆ ಸಾಕಾಗ್ತಿತ್ತು ಅಂತಲ್ಲ, ತಿಗಣೆ ಹೆಚ್ಚೋ ವೇಗಕ್ಕೆ ಇವು ಯಾವ ಮೂಲೆಗೂ ಸಾಲ್ತಿರಲಿಲ್ಲ.

ಬದುವಿನ ಕಥೆ ಇನ್ನೂ ಚೆನ್ನಾಗಿದೆ. ತೋಟಕ್ಕೆ ಹೊಡೆದು ಹೊಡೆದು ಸಾಕಾದ್ರೂ ಹತ್ತೇ ದಿನಕ್ಕೆ ಎಲ್ಲಿಂದ ಬತ್ತದೆ ಇದು ಅಂತ ಹುಡುಕಿದ್ರೆ ರಸ್ತೆ ಬದೀಲಿ ಸೊಂಟದೆತ್ತರ ನಿಂತಿದ್ದ ಕಾಂಗ್ರೆಸ್ ಗಿಡದ ತುಂಬ ಅದೇ ಬಿಳಿ. ಪಾರ್ಥೇನಿಯಂ ಕೂಡ ಅಮೆರಿಕ ಖಂಡದ್ದೇ, 1950ರ ದಶಕದಲ್ಲಿ ಪುಣೆ ಹತ್ರ ಕಾಣಿಸ್ಕೊಂಡು ಇವತ್ತು ಅದಿಲ್ಲದ ಹಳ್ಳಿ ರಸ್ತೆ ಇಲ್ಲ. ಇನ್ನು ಪರಂಗಿ ಗಿಡ, ಅದಂತೂ ಹೆಸರಲ್ಲೇ ಪರಂಗಿಯವರನ್ನ ಹೊತ್ಕೊಂಡಿದೆ, ಪೋರ್ಚುಗೀಸರ ಕಾಲದಲ್ಲಿ ಬಂದಿದ್ದು, ಮೂಲ ಅದೇ ಮಧ್ಯ ಅಮೆರಿಕ. ಅಂದ್ರೆ ಮರ ಬಂದು ನಾನೂರು ವರ್ಷ ಆದ ಮೇಲೆ, ಕಳೆ ಬಂದು ಐವತ್ತು ವರ್ಷ ಆದ ಮೇಲೆ, ಅವೆರಡರ ಮೇಲೂ ಕೂರೋ ಹುಳ ಅದೇ ದಿಕ್ಕಿಂದ ನಮ್ಮ ಹಿತ್ತಲಿಗೆ ಬಂದು ನೋಡುತ್ತೆ, ಹಳೇ ನೆಂಟರೆಲ್ಲ ಆಗಲೇ ಮನೆ ಮಾಡ್ಕೊಂಡು ಕೂತಿದಾರೆ. ಬರದೇ ಇದ್ದಿದ್ದು ಒಂದೇ, ಆ ಹುಳನ ಅಲ್ಲಿ ಹದ್ದುಬಸ್ತಲ್ಲಿ ಇಟ್ಟಿದ್ದ ಶತ್ರು. ಹೊರಗಿನ ಜೀವಿ ಅಂದ್ರೇನೇ ಕೆಟ್ಟದ್ದು ಅನ್ನೋರ ಜೊತೆ ನಂಗೆ ಇಲ್ಲೇ ಜಗಳ. ನಮ್ಮೂರಿಗೆ ಹೆಸರು ತಂದ ರೇಷ್ಮೆ ಹುಳನೂ ಟಿಪ್ಪು ಕಾಲದಲ್ಲಿ ಬಂಗಾಳದಿಂದ ತರಿಸಿದ್ದೇ. ನೋಡಬೇಕಾದ್ದು ಬಂದವರ ಹಿಂದೆ ಯಾರು ಬರಲಿಲ್ಲ ಅನ್ನೋದನ್ನ.

ಆ ಬರದೇ ಇದ್ದವರನ್ನ ಕರೆಸೋ ಕೆಲಸ ಅಷ್ಟೊತ್ತಿಗೆ ಬೆಂಗಳೂರಲ್ಲಿ ನಡೀತಿತ್ತು. ಹೆಬ್ಬಾಳದ ಎನ್‌ಬಿಎಐಐ, ಅಂದ್ರೆ ಕೃಷಿಗೆ ಬೇಕಾದ ಕೀಟಗಳ ರಾಷ್ಟ್ರೀಯ ಬ್ಯೂರೋದವರು (ಈಗ ಹೆಸರು ಎನ್‌ಬಿಎಐಆರ್ ಆಗಿದೆ) ಅಮೆರಿಕದ ಕೃಷಿ ಇಲಾಖೆಯ ಮೂಲಕ ಪೋರ್ಟೊರಿಕೊದಿಂದ ಈ ತಿಗಣೆಯೊಳಗೆ ಮೊಟ್ಟೆ ಇಟ್ಟು ಅದನ್ನ ಕೊಲ್ಲೋ ಮೂರು ಜಾತಿ ಪುಟ್ಟ ಕಣಜಗಳನ್ನ 2010ರ ಜುಲೈನಲ್ಲಿ ತರಿಸಿದ್ರು. ಅಸಿರೋಫೇಗಸ್ ಪಪಾಯೆ, ಅನಾಗೈರಸ್ ಲೋಕಿ, ಸ್ಯೂಡ್‌ಲೆಪ್ಟೊಮ್ಯಾಸ್ಟಿಕ್ಸ್ ಮೆಕ್ಸಿಕಾನಾ. ಬಂದ ತಕ್ಷಣ ಬಿಡಲ್ಲ, ಕ್ವಾರಂಟೈನಲ್ಲಿಟ್ಟು ಇವು ರೇಷ್ಮೆ ಹುಳ, ನಮ್ಮ ಉಪಯೋಗದ ಹುಳಗಳಿಗೆ ತೊಂದ್ರೆ ಮಾಡ್ತವಾ ಅಂತ ನೋಡಿ, ಅನುಮತಿ ತಗೊಂಡು, ಅಕ್ಟೋಬರಿಂದ ಹೊರಗೆ ಬಿಡೋಕೆ ಶುರು ಮಾಡಿದ್ರು. ಸಾಕೋ ವಿಧಾನ ಕೇಳಿದ್ರೆ ನಗು ಬರುತ್ತೆ, ಮೊಳಕೆ ಬಂದ ಆಲೂಗಡ್ಡೆ. ಕತ್ತಲೇಲಿಟ್ಟು ಉದ್ದುದ್ದ ಮೊಳಕೆ ಬರಿಸಿ, ಅದರ ಮೇಲೆ ತಿಗಣೆ ಬೆಳೆಸಿ, ತಿಗಣೆಯೊಳಗೆ ಕಣಜ ಬೆಳೆಸೋದು. ನಾವು ಯಾವ ಹುಳನ ಕೊಲ್ಲೋಕೆ ಸಾಲ ಮಾಡಿದ್ವೋ ಅದನ್ನ ಅಲ್ಲಿ ಆಲೂಗಡ್ಡೆ ಕೊಟ್ಟು ಸಾಕ್ತಿದ್ರು.

ನಮ್ಮ ಹೋಬಳಿಗೆ ಇಲಾಖೆ ಕಡೆಯಿಂದ ಸೀಸೆ ಬಂದಿದ್ದು ನವೆಂಬರಲ್ಲಿ. ಬೆರಳುದ್ದ ಸೀಸೆ, ಬಾಯಿಗೆ ಬಟ್ಟೆ, ಒಳಗೆ ಸಾಸಿವೆ ಕಾಳಿಗಿಂತ ಸಣ್ಣ ಕಿತ್ತಳೆ ಬಣ್ಣದ ಚುಕ್ಕಿಗಳು ಗೋಡೆ ಹತ್ತಿ ಇಳೀತಿದ್ವು. ಒಂದು ಮಿಲಿಮೀಟರ್ ಕೂಡ ಇಲ್ಲ. ದೊಡ್ಡಪ್ಪ ಸೀಸೆ ಬೆಳಕಿಗೆ ಹಿಡಿದು ನೋಡಿ ಒಂದೇ ಮಾತು ಕೇಳಿದ್ರು, "ಇದು ನಾಳೆ ನಮ್ಮ ಹುಳಿಗೇ ಕಚ್ಚಿದ್ರೆ ಏನ್ ಸಾರ್ ಮಾಡನ?" ಬಂದಿದ್ದ ಅಧಿಕಾರಿ ಹುಡುಗ ಸ್ವಲ್ಪ ನಕ್ಕ, ಆದ್ರೆ ಆ ಪ್ರಶ್ನೆ ನಗೋದಲ್ಲ. ಊಜಿ ನೊಣ ನಮ್ಮ ಜನ ಮರೆತಿಲ್ಲ. 1980ರಲ್ಲಿ ಬಂಗಾಳದಿಂದ ಬಂದ ಗೂಡಿನ ಜೊತೆ ಕರ್ನಾಟಕಕ್ಕೆ ನುಗ್ಗಿದ ನೊಣ ಅದು, ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತೆ, ಅದರ ಮರಿ ಹುಳದೊಳಗೆ ಕೊರ್ಕೊಂಡು ಹೋಗಿ ತಿನ್ನುತ್ತೆ. ನಮ್ಮ ಹುಳುಮನೆ ಕಿಟಕಿಗೆಲ್ಲ ನೈಲಾನ್ ಪರದೆ ಬಂದಿದ್ದೇ ಊಜಿಯಿಂದ. ಅದನ್ನ ಕಂಡೋರ ಕೈಗೆ ಇನ್ನೊಂದು ನೊಣದ ಸೀಸೆ ಕೊಟ್ಟು ಬಿಡಿ ಅಂದ್ರೆ ಯಾರು ಒಪ್ತಾರೆ? ಈ ಕಣಜ ಮೊಟ್ಟೆ ಇಡೋದು ಹಿಟ್ಟು ತಿಗಣೆಯೊಳಗೆ ಮಾತ್ರ, ಅದೂ ಈ ಒಂದು ಜಾತಿಯನ್ನೇ ಹುಡ್ಕೊಂಡು ಹೋಗುತ್ತೆ, ರೇಷ್ಮೆ ಹುಳದಂಥ ಚಿಟ್ಟೆ ಜಾತಿಯ ಹುಳದೊಳಗೆ ಅದರ ಮರಿ ಬದುಕಲ್ಲ ಅಂತ ಆ ಹುಡುಗ ಸಮಾಧಾನವಾಗಿ ಬಿಡಿಸಿ ಹೇಳ್ದ. ಸಂಜೆ ಬಿಸಿಲು ಇಳಿದ ಮೇಲೆ ಪರಂಗಿ ಗಿಡದ ಹತ್ರ ಒಂದು ಸೀಸೆ, ತೋಟದ ನಡುವೆ ಒಂದು ಸೀಸೆ ಬಿಟ್ವಿ. ಷರತ್ತು ಒಂದೇ, ಇನ್ಮೇಲೆ ಒಂದು ಹನಿ ಔಷಧಿ ಹೊಡೆಯಂಗಿಲ್ಲ.

ನಿಜವಾದ ಕಷ್ಟ ಶುರುವಾಗಿದ್ದು ಅಲ್ಲಿಂದ. ತೋಟ ಬೆಳ್ಳಗೆ ಕಾಣ್ತಿದ್ರೂ ಕೈ ಕಟ್ಟಿ ಕೂರೋದು. ಡಿಸೆಂಬರ್ ಪೂರ್ತಿ ಏನೂ ಆಗಲಿಲ್ಲ, ಪಕ್ಕದ ತೋಟದವರು ಕಡ್ಡಿ ಕಿತ್ತು ಕಬ್ಬು ಹಾಕಿದ್ರು, ದೊಡ್ಡಪ್ಪನ ಜೊತೆ ಟೀ ಅಂಗಡೀಲಿ ನೊಣ ಸಾಕೋನು ಅಂತ ತಮಾಷೆ ಬೇರೆ. ದೊಡ್ಡಪ್ಪನೂ ಒಂದಿನ ಪಂಪ್ ಹೆಗಲಿಗೆ ಹಾಕ್ಕೊಂಡು ಹೊರಟಿದ್ರಂತೆ, ದೊಡ್ಡವ್ವ ಪಂಪಿನ ನಾಜಲ್ ಬಿಚ್ಚಿ ಅಕ್ಕಿ ಡಬ್ಬೀಲಿ ಬಚ್ಚಿಟ್ಟಿದ್ರಂತೆ. ಸಂಕ್ರಾಂತಿಗೆ ನಾನು ಹೋದಾಗ ಲೆನ್ಸ್ ಇಟ್ಟು ನೋಡ್ತೀನಿ, ಬಿಳಿ ಹತ್ತಿ ನಡುವೆ ಕಂದು ಬಣ್ಣದ ಉಬ್ಬಿದ ಕಾಳುಗಳು, ಒಣಗಿದ ಗೋಧಿ ತರ. ಕೆಲವಕ್ಕೆ ಬೆನ್ನ ಮೇಲೆ ಸೂಜಿ ಚುಚ್ಚಿದಂಥ ದುಂಡು ತೂತು. ಅವು ತಿಗಣೆಗಳೇ, ಒಳಗೆ ಕಣಜದ ಮರಿ ತಿಂದು ಬೆಳೆದು ತೂತು ಕೊರೆದು ಹಾರಿ ಹೋಗಿತ್ತು, ಉಳಿದಿದ್ದು ಬರೀ ಸಿಪ್ಪೆ. ಒಂದು ಎಲೇಲಿ ನಲವತ್ತು ಎಣಿಸಿದೆ, ಆಮೇಲೆ ಬಿಟ್ಟೆ. ದೊಡ್ಡಪ್ಪಂಗೆ ಲೆನ್ಸ್ ಕೊಟ್ರೆ ಅವರು ಎಷ್ಟೊತ್ತಾದ್ರೂ ಎಲೆ ಬಿಡಲಿಲ್ಲ, "ಕೊರ್ದಾಕಿ ಆಚ್ಗೆ ಬಂದದೆ ಕಣ್ಲಾ" ಅಂತ ತಮ್ಮಷ್ಟಕ್ಕೆ ಹೇಳ್ಕೊಂಡ್ರು.

ಮೂರರಲ್ಲಿ ಅಸಿರೋಫೇಗಸ್‌ದೇ ದೊಡ್ಡ ಪಾಲು, ತಮಿಳುನಾಡಲ್ಲೂ ಹಂಗೇ ಆಗಿದ್ದು. ಅದು ತಿಗಣೆಯ ಎಳೇ ಮರಿಗಳನ್ನ ಹಿಡಿಯುತ್ತೆ, ಅಂದ್ರೆ ಮೊಟ್ಟೆ ಇಡೋ ವಯಸ್ಸಿಗೆ ಬರೋಕೆ ಬಿಡಲ್ಲ, ಅದರ ತಲೆಮಾರೂ ಬೇಗ ಬೇಗ ಉರುಳುತ್ತೆ. ಯುಗಾದಿ ಹೊತ್ತಿಗೆ ತೋಟದಲ್ಲಿ ತಿಗಣೆ ಹುಡುಕಬೇಕಿತ್ತು. ಹಬ್ಬ ಕಳೆದ ಮೇಲೆ ಐವತ್ತೇ ಮೊಟ್ಟೆ ತಂದು ಹೆದರ್ಕೊಂಡೇ ಮೇಯಿಸಿದ್ರು, ಚಂದ್ರಿಕೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ತುಂಬ ಗೂಡು. ತಿಗಣೆ ಪೂರ್ತಿ ಹೋಗಿಲ್ಲ, ಇವತ್ತಿಗೂ ದಾಸವಾಳದಲ್ಲಿ ಅಲ್ಲೊಂದು ಇಲ್ಲೊಂದು ಇದೆ, ಇರಬೇಕು ಕೂಡ, ಅದಿಲ್ದಿದ್ರೆ ಕಣಜ ಏನು ತಿನ್ಬೇಕು.

ಎಲ್ಲಾ ಕೇಸು ಹಿಂಗೇ ಮುಗಿಯಲ್ಲ ಅನ್ನೋದನ್ನೂ ಹೇಳ್ಬೇಕು. ಕಾಂಗ್ರೆಸ್ ಗಿಡಕ್ಕೆ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಜೈಗೋಗ್ರಾಮ ದುಂಬಿ ಮಳೆಗಾಲದಲ್ಲಿ ಚೆನ್ನಾಗಿ ತಿನ್ನುತ್ತೆ, ಬೇಸಿಗೇಲಿ ಮಣ್ಣಲ್ಲಿ ಮಲಗುತ್ತೆ, ಗಿಡ ಅದಕ್ಕಿಂತ ಮುಂಚೆ ಬೀಜ ಉದುರಿಸಿರುತ್ತೆ. ಬಂಡೀಪುರ, ನಾಗರಹೊಳೆ ಕಾಡಿಗೆ ಹಬ್ಬಿರೋ ಲಂಟಾನಕ್ಕೆ ಬಿಟ್ಟ ಹುಳಗಳೂ ಇವೆ, ಲಂಟಾನ ನೋಡಿದ್ರೆ ಅದಕ್ಕೆ ವಿಷ್ಯನೇ ತಿಳಿದಂಗಿಲ್ಲ. ಹಿಟ್ಟು ತಿಗಣೆ ವಿಷಯದಲ್ಲಿ ನಮ್ಮ ಅದೃಷ್ಟ, ಬೇರೆ ದೇಶಗಳಲ್ಲಿ ಆಗಲೇ ಪರೀಕ್ಷೆ ಆಗಿದ್ದ ಕಣಜ ರೆಡಿ ಇತ್ತು.

ಹೋದ ವರ್ಷ ಬೇಸಿಗೇಲಿ ಊರಿಗೆ ಹೋದಾಗ ಬದುವಿನ ತೆಂಗಿನ ಗರಿ ಎಲ್ಲಾ ಕರ್ರಗಾಗಿತ್ತು. ಸುರುಳಿ ಬಿಳಿ ನೊಣ, 2016ರಲ್ಲಿ ಪೊಳ್ಳಾಚಿ ಕಡೆ ಕಾಣಿಸ್ಕೊಂಡು ಈ ಕಡೆ ತೋಟಗಳಿಗೆಲ್ಲ ಹಬ್ಬಿರೋದು, ಅದೂ ಮಧ್ಯ ಅಮೆರಿಕದ್ದೇ. ಗರಿ ಅಡಿಗೆ ಸುರುಳಿ ಸುರುಳಿಯಾಗಿ ಬಿಳಿ ಮೇಣ. ಅಕ್ಕಪಕ್ಕದವರು ಮೋಟಾರ್ ಪಂಪ್ ತರಿಸಿ ಹೊಡೆಸ್ತಿದ್ರು. ದೊಡ್ಡಪ್ಪಂಗೆ ಈಗ ಎಪ್ಪತ್ತು ದಾಟಿದೆ, ಕಣ್ಣು ಮಂಜು, ಆದ್ರೂ ಬಿದ್ದ ಗರಿ ಒಂದನ್ನ ಜಗಲಿಗೆ ಎಳ್ಕೊಂಡು ಬಂದು, ನಾನು ಬಿಟ್ಟು ಹೋಗಿದ್ದ ಅದೇ ಲೆನ್ಸ್ ನಂಗೆ ಕೊಟ್ಟು, "ತೂತು ಅವೆಯಾ ನೋಡ್ಲಾ, ದುಂಡುಕ್ಕಿದ್ರೆ ನಮ್ಮೋವು" ಅಂದ್ರು. ಈ ಬಿಳಿ ನೊಣದ ಹಿಂದೆ ಎನ್ಕಾರ್ಸಿಯಾ ಅನ್ನೋ ಕಣಜ ಯಾರೂ ಕರೆಸದೇನೇ ಬಂದುಬಿಟ್ಟಿದೆ, ಅದು ಹೊರಗೆ ಬಂದ ಗೂಡಿಗೆ ದುಂಡು ತೂತು ಇರುತ್ತೆ, ನೊಣ ಬಂದಿದ್ರೆ ಸೀಳಿರುತ್ತೆ. ಗರಿ ಬಿಸಿಲಿಗೆ ಹಿಡಿದು ಎಣಿಸ್ತಾ ಕೂತೆ. ಹತ್ತು ನೋಡಿದ್ರೆ ನಾಕರಲ್ಲಿ ದುಂಡು ತೂತು. ಹೇಳ್ದೆ. "ಹಂಗಾರೆ ಪಂಪಿನೋನ್ಗೆ ಬ್ಯಾಡ ಅನ್ನು" ಅಂದು ಗರಿ ಎಳ್ಕೊಂಡು ಹೋಗಿ ಮತ್ತೆ ಮರದ ಬುಡಕ್ಕೇ ಹಾಕಿದ್ರು.